ಅಂಡರ್‌ವುಡ್ ನಂ. 5: ಹನ್ನೊಂದು ವರ್ಷ ಕುಟ್ಟಿದ ಮೇಲೆ

ಗುಜರಿಗೆ ಹೊರಟಿದ್ದ ಟೈಪ್‌ರೈಟರ್ ಮಷಿನ್ನು. ಮನೆಗೆ ತಂದಾಗ ಅರ್ಧದಷ್ಟು ಅಕ್ಷರಗಳು ಮೇಲೆದ್ದರೆ ಕೆಳಗಿಳಿಯುತ್ತಿರಲಿಲ್ಲ. ಯಾರೋ ಪುಣ್ಯಾತ್ಮರು ಕೊಬ್ಬರಿ ಎಣ್ಣೆ ಬಿಟ್ಟಿದ್ದರು, ಅದು ಧೂಳು ಕುಡಿದು ಅಂಟಾಗಿತ್ತು. ಹಳೇ ಹಲ್ಲುಜ್ಜುವ ಬ್ರಷ್ಷು, ಸೀಮೆಎಣ್ಣೆ, ಮೂರು ಭಾನುವಾರ. ಆಮೇಲೆ ಅಕ್ಷರದ ಅಚ್ಚು ಹೊತ್ತ ಕಡ್ಡಿಗಳು ಸಿಕ್ಕಿಕೊಂಡಿದ್ದು ನಾನು ಅವಸರಪಟ್ಟಾಗ ಮಾತ್ರ.

ಇದರ ದೊಡ್ಡ ಗುಣ, ಹೊಡೆದ ಅಕ್ಷರ ಹೊಡೆದಾಗಲೇ ಕಾಣುತ್ತದೆ. ಅದೇನು ಮಹಾ ಅನ್ನಬೇಡಿ. 1874ರಲ್ಲಿ ಮಾರಾಟಕ್ಕೆ ಬಂದ ಶೋಲ್ಸ್-ಗ್ಲಿಡನ್ ಯಂತ್ರದಲ್ಲಿ ಅಚ್ಚು ಕಾಗದ ಸುತ್ತುವ ರೋಲರಿನ ಅಡಿಯಿಂದ ಬಡಿಯುತ್ತಿತ್ತು. ಕೆಲವು ಸಾಲು ಮುಂದೆ ಹೋಗುವ ತನಕ ತಪ್ಪು ಆಗಿದೆಯೋ ಇಲ್ಲವೋ ದೇವರಿಗೇ ಗೊತ್ತು. ಎಲ್ಲವೂ ದೊಡ್ಡಕ್ಷರ ಬೇರೆ. ತಯಾರಿಸಿದ್ದು ಬಂದೂಕು, ಹೊಲಿಗೆ ಮಷಿನ್ನು ಮಾಡುತ್ತಿದ್ದ ರೆಮಿಂಗ್ಟನ್. ಅದಕ್ಕೇ ಮೈಮೇಲೆ ಹೂವಿನ ಚಿತ್ತಾರ, ಸಾಲು ಮುಗಿದರೆ ಒತ್ತಲು ಕಾಲಡಿ ಪೆಡಲು! ಶಿಫ್ಟ್ ಒತ್ತಿ ಸಣ್ಣಕ್ಷರ, ದೊಡ್ಡಕ್ಷರ ಎರಡೂ ಹೊಡೆಯುವ ಅನುಕೂಲ 1878ರ ರೆಮಿಂಗ್ಟನ್ ನಂ. 2ರಲ್ಲಿ ಬಂತು. ಅಚ್ಚನ್ನು ಕಾಗದದ ಮುಂದಿನಿಂದ ಬಡಿಸಿ ಕಣ್ಣು ತೆರೆಸಿದ್ದು 1890ರ ದಶಕದಲ್ಲಿ ಫ್ರಾನ್ಜ್ ವ್ಯಾಗ್ನರ್ ರೂಪಿಸಿದ ಅಂಡರ್‌ವುಡ್. ರಿಬ್ಬನ್, ಕಾರ್ಬನ್ ಪೇಪರ್ ಮಾರುತ್ತಿದ್ದ ಜಾನ್ ಅಂಡರ್‌ವುಡ್ ಅದಕ್ಕೆ ದುಡ್ಡು ಹಾಕಿದ.

ಇನ್ನು ಕಷ್ಟಗಳು. ಶಿಫ್ಟ್ ಒತ್ತಿದರೆ ರೋಲರು ಹೊತ್ತು ಸರಿಯುವ ಇಡೀ ಕ್ಯಾರೇಜೇ ಮೇಲೇಳಬೇಕು, ಕಿರುಬೆರಳು ಸೋತುಹೋಗುತ್ತದೆ. ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕುಟ್ಟಿ ಜೂನಿಯರ್, ಸೀನಿಯರ್ ಪರೀಕ್ಷೆ ಎರಡೂ ಪಾಸು ಮಾಡಿದವನು ನಾನು, ಆದರೂ ಅರ್ಧ ಗಂಟೆಗೆ ಕೈ ಕೊಡವಿಕೊಳ್ಳುತ್ತೇನೆ. ಒಂದರ ಅಂಕಿಗೆ ಕೀ ಇಲ್ಲ, ಸಣ್ಣ ಎಲ್ ಹೊಡೆದುಕೊಳ್ಳಬೇಕು. ಆಶ್ಚರ್ಯಚಿಹ್ನೆ ಬೇಕಾದರೆ ಮೊದಲು ಅಪಾಸ್ಟ್ರಫಿ, ಬ್ಯಾಕ್‌ಸ್ಪೇಸ್, ಆಮೇಲೆ ಚುಕ್ಕಿ. ಆಶ್ಚರ್ಯವೇ ಆರಿಹೋಗಿರುತ್ತದೆ. ಕನ್ನಡವಂತೂ ಇದರಲ್ಲಿಲ್ಲ. ನಾನು ಬಳಸುವುದು ಲಕೋಟೆಯ ವಿಳಾಸಕ್ಕೆ, ಇಂಗ್ಲಿಷ್ ಫಾರಂ ತುಂಬಲು.

ಐದನೇ ವರ್ಷ ಸರ್ವೀಸಿಗೆ ಕೊಟ್ಟದ್ದು ತಪ್ಪಾಯಿತು. ಸಾಲು ಮುಗಿಯುತ್ತಿದೆ ಎಂದು ಬಾರಿಸುವ ಗಂಟೆಯೇ ಇಲ್ಲದೆ ವಾಪಸ್ ಬಂತು. ಈಗ ಸಾಲಿನ ಕೊನೆ ಬಂದದ್ದು ಕ್ಯಾರೇಜು ನಿಂತಾಗಲೇ ತಿಳಿಯುವುದು. ಅಲ್ಲಿಂದ ರಿಬ್ಬನ್ ಬದಲಾವಣೆ, ಕ್ಯಾರೇಜು ಓಡುವ ರೈಲಿಗೆ ಎರಡು ಹನಿ ಹೊಲಿಗೆ ಮಷಿನ್ ಎಣ್ಣೆ, ಎಲ್ಲ ನನ್ನದೇ. ಅಚ್ಚಿನ ಕಡ್ಡಿಗಳ ಬುಡಕ್ಕೆ ಮಾತ್ರ ಎಣ್ಣೆ ಸೋಕಿಸುವುದಿಲ್ಲ.

5ಕ್ಕೆ 4 ಕೊಡುತ್ತೇನೆ. ಕೊಳ್ಳುವವರು ಮೊದಲು ರೋಲರಿಗೆ ಉಗುರು ಒತ್ತಿ ನೋಡಿ. ಕಲ್ಲಿನಂತಿದ್ದರೆ ಬೆಲೆ ಇಳಿಸಲು ಕೇಳಿ. ರೋಲರು ಗಟ್ಟಿಯಾದ ನನ್ನದರಲ್ಲಿ ಫುಲ್‌ಸ್ಟಾಪು ಕಾಗದಕ್ಕೆ ತೂತು ಹೊಡೆಯುತ್ತದೆ. ಎರಡು ಹಾಳೆ ಸೇರಿಸಿ ಹಾಕಿಕೊಳ್ಳುತ್ತೇನೆ.