ಗಾಜಿನ ಮಣಿಯ ಲೇಸಿಗೆ ಯಾವ ತಂತಿ: ತಾಮ್ರವೋ, ಹಿತ್ತಾಳೆಯೋ, ಬೆಳ್ಳಿಯೋ?

ತಂತಿಯಲ್ಲಿ ಕ್ರೋಶಾ ಹಾಕಿ, ನಡುನಡುವೆ ಗಾಜಿನ ಮಣಿ ಕೂರಿಸಿ ಲೇಸಿನಂಥ ಸರ ಮಾಡ್ತೀನಿ ಅಂತ ಹೊರಟವರು ಮೊದಲು ಕೇಳುವುದೇ ಬಣ್ಣ. ಬಣ್ಣ ಆಮೇಲೆ ನೋಡಿಕೊಳ್ಳಿ, ತಂತಿ ಎಷ್ಟು ಮೆತ್ತಗಿದೆ ಅನ್ನೋದು ಮುಖ್ಯ. ಒಂದೇ ವಿನ್ಯಾಸವನ್ನು ಮೂರು ತಂತಿಯಲ್ಲೂ ಹೆಣೆದು ನೋಡಿದ್ದೇನೆ: ಮೋಟಾರ್ ವೈಂಡಿಂಗ್‌ಗೆ ಬಳಸುವ, ಎನಾಮಲ್ ಅನ್ನೋ ತೆಳು ಲೇಪ ಇರುವ ತಾಮ್ರ, ಹಿತ್ತಾಳೆ, ಅಪ್ಪಟ ಬೆಳ್ಳಿ. ಮಣಿ ಮಾತ್ರ ಎಲ್ಲಕ್ಕೂ ಒಂದೇ ಥರದ್ದು, ಉತ್ತರ ಪ್ರದೇಶದ ಪುರ್ದಿಲ್‌ನಗರದಲ್ಲಿ ಗಾಜನ್ನು ಉರಿಯಲ್ಲಿ ಕರಗಿಸಿ ಕೈಯಲ್ಲೇ ಸುತ್ತಿ ಮಾಡುವಂಥದ್ದು.

ಹಿತ್ತಾಳೆ ಬೇಡ. ನೋಡೋಕೆ ಚಿನ್ನದ ಥರ ಚೆಂದ, ಆದರೆ ಸ್ಪ್ರಿಂಗಿನ ಹಾಗೆ ಪುಟಿಯುತ್ತೆ, ಕುಣಿಕೆ ಎಳೆದಲ್ಲಿ ನಿಲ್ಲೋದೇ ಇಲ್ಲ, ಬೆರಳು ಬೇರೆ ಉರಿ.

ತಾಮ್ರ ಅಗ್ಗ, ಮೆತ್ತಗೆ, ವೈಂಡಿಂಗ್ ಅಂಗಡಿಯಲ್ಲಿ ತೂಕಕ್ಕೇ ಸಿಗುತ್ತೆ. ಒಂದೇ ಒಂದು ಗೊಂದಲ, ನಂಬರಿನದು. ತಂತಿಯ ದಪ್ಪವನ್ನು ಇಲ್ಲಿ ಕೊಡುವುದು ಎಸ್‌ಡಬ್ಲ್ಯೂಜಿ ಅನ್ನೋ ಬ್ರಿಟಿಷ್ ಲೆಕ್ಕದಲ್ಲಿ, ವಿದೇಶಿ ವಿಡಿಯೋಗಳಲ್ಲಿ ಹೇಳುವುದು ಎಡಬ್ಲ್ಯೂಜಿ ಅನ್ನೋ ಅಮೆರಿಕದ ಲೆಕ್ಕ. ಅವರ 28 ಅಂದರೆ 0.32 ಮಿ.ಮೀ., ಅದು ಬೇಕಿದ್ದರೆ ನಮ್ಮ ಅಂಗಡಿಯಲ್ಲಿ 30 ಕೇಳಬೇಕು. 28 ಅಂತಲೇ ಕೇಳಿದರೆ ದಪ್ಪದ್ದು ಬರುತ್ತೆ, ಕ್ರೋಶಾ ಕಡ್ಡಿಗೆ ಜಗ್ಗಲ್ಲ.

ತಾಮ್ರದ ನಿಜವಾದ ಪರೀಕ್ಷೆ ಇರೋದು ಮಣಿಯ ತೂತಿನಲ್ಲಿ. ಕೈಯಲ್ಲಿ ಸುತ್ತುವ ಮಣಿಯನ್ನು ಜೇಡಿ ಸವರಿದ ಉಕ್ಕಿನ ಕಡ್ಡಿ ಮೇಲೆ ಮಾಡುತ್ತಾರೆ, ಕಡ್ಡಿ ಎಳೆದ ಮೇಲೂ ಒಳಗೆ ಬಿಳಿ ಪುಡಿ ಅಂಟಿಕೊಂಡಿರುತ್ತೆ. ಕ್ರೋಶಾದಲ್ಲಿ ಮಣಿಗಳನ್ನೆಲ್ಲ ಮೊದಲೇ ತಂತಿಗೆ ಪೋಣಿಸಿ, ಹೆಣೆಯುತ್ತಾ ಹಿಂದಕ್ಕೆ ಸರಿಸುತ್ತಾ ಹೋಗಬೇಕಲ್ವಾ? ಹಾಗೆ ಸರಿಸಿದಾಗೆಲ್ಲ ಆ ಪುಡಿ ಮರಳು ಕಾಗದದಂತೆ ಎನಾಮಲ್ ಕೆರೆಯುತ್ತೆ. ಕಪ್ಪು ತಂತಿ ಆಗಿದ್ದರೆ ಅಲ್ಲಲ್ಲಿ ಕೆಂಪು ಗೀರು ಎದ್ದು ಕಾಣುತ್ತೆ, ಬೆವರು ತಾಗಿದರೆ ಆ ಗೀರೇ ಹಸಿರಾಗುತ್ತೆ. ಹಾಗಾಗಿ ಮಣಿಯನ್ನು ನೀರಲ್ಲಿ ಮುಳುಗಿಸಿಟ್ಟು, ವಜ್ರದ ಪುಡಿ ಹಚ್ಚಿದ ಸಣ್ಣ ಅರದಿಂದ ತೂತು ಉಜ್ಜಿ. ನೀರಿಲ್ಲದೆ ಬೇಡ, ಗಾಜಿನ ಧೂಳು ಮೂಗಿಗೆ ಹೋಗುತ್ತೆ. ತೂತಿನ ಬಾಯಿ ಚೂಪಾಗಿರುವ ಮಣಿಯನ್ನಂತೂ ಸುಮ್ನೆ ಪಕ್ಕಕ್ಕಿಡಿ, ಅದು ತಂತಿಯನ್ನೇ ಕತ್ತರಿಸುತ್ತೆ. ಇನ್ನೊಂದು, ತಾಮ್ರ ಬಗ್ಗಿದಷ್ಟೂ ಗಟ್ಟಿಯಾಗುತ್ತೆ. ಒಂದೇ ಜಾಗದಲ್ಲಿ ಬಿಚ್ಚಿ, ಮತ್ತೆ ಹಾಕಿ ಮಾಡುತ್ತಿದ್ದರೆ ಪಟ್ ಅಂತ ಮುರಿಯುತ್ತೆ.

ಬೆಳ್ಳಿ ಕೈಗೆ ಹಿತ. ಕುಣಿಕೆ ಎಲ್ಲ ಒಂದೇ ಅಳತೆಗೆ ಬರುತ್ತೆ, ಎನಾಮಲ್ ಕೆರೆಯುವ ತಲೆನೋವೂ ಇಲ್ಲ. ಕೊಳ್ಳುವಾಗ 999, ಅಂದರೆ ಶೇ. 99.9 ಬೆಳ್ಳಿ, ಅಂತ ಒತ್ತಿ ಕೇಳಿ. ಶೇ. 92.5ರ ಬೆಳ್ಳಿಯಲ್ಲಿ ಸಾಮಾನ್ಯವಾಗಿ ತಾಮ್ರ ಬೆರೆತಿರುತ್ತೆ, ಬೇಗ ಕಪ್ಪಾಗುತ್ತೆ, ಗಡಸು ಕೂಡ. ಆದರೆ ಅಪ್ಪಟ ಬೆಳ್ಳಿ ಮೆತ್ತಗಿರೋದು ಸ್ವಲ್ಪ ಜಾಸ್ತಿನೇ ಆಯ್ತು. 12 ಮಿ.ಮೀ. ಮಣಿ ಒಂದೊಂದೂ ಎರಡು ಗ್ರಾಂ ತೂಗುತ್ತೆ, ಅಂಥವನ್ನು ಸಾಲಾಗಿ ಕೂರಿಸಿದ ಸರ ಕತ್ತಿನಲ್ಲಿ ಜೋತು ಬಿದ್ದು ಲೇಸಿನ ಕಣ್ಣುಗಳೆಲ್ಲ ಉದ್ದುದ್ದ ಆಗುತ್ತವೆ. ಬೆಲೆಯಂತೂ ಕೇಳಲೇಬೇಡಿ.

ಹಾಗಾಗಿ ನನ್ನ ಮತ ತಾಮ್ರಕ್ಕೇ, ಒಂದು ಕಡೆ ಬಿಟ್ಟು. ಮಣಿ ಪಾರದರ್ಶಕವಾಗಿದ್ದರೆ ಒಳಗಿನ ತಂತಿ ಹೊರಗೆ ಕಾಣುತ್ತೆ. ತಿಳಿನೀಲಿ ಮಣಿಯೊಳಗೆ ಕಪ್ಪು ತಂತಿ ಕೊಳಕು ಗೆರೆಯ ಥರ ಕಾಣುತ್ತೆ, ಅದೇ ಬೆಳ್ಳಿ ಹಾಕಿದರೆ ಮಣಿಗೇ ಬೆಳಕು ಬಂದ ಹಾಗಿರುತ್ತೆ. ಅಂಥ ಮಣಿಗಳಿಗೆ ಬೆಳ್ಳಿ ತಂತಿಯಲ್ಲಿ ಬರೀ ಓಲೆ ಮಾಡಿ, ತೂಕ ಕಮ್ಮಿ, ತಂತಿಯೂ ಅಷ್ಟೇನೂ ಬೇಕಾಗಲ್ಲ.