ಎರೆಮಣ್ಣಿನ ಕೈತೋಟದ ದಾರಿಗೆ ಏನು ಹಾಸಬೇಕು? ನನ್ನ ಮತ ಚಪ್ಪಡಿಗೆ

ದಾವಣಗೆರೆಯ ನಮ್ಮ ಬಡಾವಣೆಯವರು ಸೇರಿ ಬೆಳೆಸುತ್ತಿರುವ ಕೈತೋಟದಲ್ಲಿ ಹೊಸ ಕಾಲುದಾರಿಗೆ ಒಂದೇ ವಸ್ತು ಬಳಸಲಿಲ್ಲ. ಒಂದೊಂದು ಕಡೆ ಒಂದೊಂದು ಹಾಕಿ ನೋಡಿದೆವು: ಇಂಟರ್‌ಲಾಕ್ ಇಟ್ಟಿಗೆ, ಜಲ್ಲಿ, ಅಡಿಕೆ ಸಿಪ್ಪೆ, ಒರಟು ಕಲ್ಲಿನ ಚಪ್ಪಡಿ. ಮಳೆಗಾಲವೂ ಬೇಸಿಗೆಯೂ ಕಳೆದ ಮೇಲೆ ನನಗೆ ಯಾವ ಅನುಮಾನವೂ ಉಳಿದಿಲ್ಲ. ನಮ್ಮಂಥ ನೆಲಕ್ಕೆ ಚಪ್ಪಡಿಯೇ ಸರಿ.

ನೆಲ ಎಂದದ್ದು ಸುಮ್ಮನೆ ಅಲ್ಲ. ನಮ್ಮದು ಎರೆಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಕೈಬೆರಳು ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಹಾಸಿದ್ದೆಲ್ಲ ಅದರ ಜೊತೆಗೇ ಏಳುತ್ತದೆ, ಇಳಿಯುತ್ತದೆ.

ಇಂಟರ್‌ಲಾಕ್ ಸೋತದ್ದು ಇಲ್ಲೇ. ಹಾಸಿದ ವಾರ ನೋಡಲು ಬಲು ಚೆಂದವಿತ್ತು. ಆದರೆ ಈ ಇಟ್ಟಿಗೆಗಳ ಬಲವೆಲ್ಲ ಒಂದನ್ನೊಂದು ಒತ್ತಿ ಹಿಡಿಯುವುದರಲ್ಲಿದೆ. ಹಾಗೆ ಹಿಡಿದಿರಬೇಕಾದರೆ ಎರಡೂ ಅಂಚಿನ ಕಟ್ಟೆ ಅಲುಗಾಡಬಾರದು. ಗುತ್ತಿಗೆದಾರರು ಅಂಚಿಗೆ ತೆಳುವಾದ ಸಿಮೆಂಟ್ ಪಟ್ಟಿ ಬಳಿದು ಹೋಗಿದ್ದರು. ಟೊಮೆಟೊ ಮಡಿಗೆ ಬಿಟ್ಟ ನೀರು ಆ ಪಟ್ಟಿಯ ಅಡಿಗೆ ಇಳಿಯಿತು, ಮಣ್ಣು ಉಬ್ಬಿತು, ಪಟ್ಟಿ ಒಡೆಯಿತು. ಅಂಚಿನ ಸಾಲು ಅರ್ಧ ಇಂಚು ಹೊರಗೆ ಸರಿದದ್ದೇ ತಡ, ಒಳಗಿನ ಸಾಲುಗಳೂ ಸಡಿಲವಾದವು. ಬೇಸಿಗೆಯಲ್ಲಿ ಮಣ್ಣು ಕುಗ್ಗಿದಾಗ ನಡುವೆ ಗುಣಿ ಬಿತ್ತು. ಗೊಬ್ಬರ ತುಂಬಿದ ಒಂಟಿ ಚಕ್ರದ ಗಾಡಿ ತಳ್ಳಿಕೊಂಡು ಬಂದರೆ ಎದ್ದು ನಿಂತ ಇಟ್ಟಿಗೆಯ ಮೂಲೆಗೆ ಚಕ್ರ ಸಿಕ್ಕಿ ಗಾಡಿ ಪಕ್ಕಕ್ಕೆ ವಾಲುತ್ತದೆ. ಅರ್ಧ ಗೊಬ್ಬರ ಮಡಿಗೆ, ಅರ್ಧ ದಾರಿಗೆ. ಒಂದು ಇಟ್ಟಿಗೆ ತೆಗೆದು ಸರಿಪಡಿಸೋಣವೆಂದರೆ ಅಕ್ಕಪಕ್ಕದವು ಬಿಡುವುದಿಲ್ಲ. ಅಂಚಿನಿಂದ ಸಾಲುಸಾಲಾಗಿ ಕಿತ್ತು, ಕೆಳಗಿನ ಹಾಸು ಮಟ್ಟ ಮಾಡಿ, ಮತ್ತೆ ಜೋಡಿಸಬೇಕು. ಇಟ್ಟಿಗೆಗೆ ದೋಷ ಹೇಳಲಾರೆ. ಗಟ್ಟಿ ಕೆಂಪು ನೆಲದಲ್ಲಿ, ಭದ್ರವಾದ ಅಂಚು ಕಟ್ಟಿ ಹಾಸಿದರೆ ಅದು ಚೆನ್ನಾಗಿಯೇ ಬಾಳುತ್ತದೆ.

ಜಲ್ಲಿಯ ವಿಷಯ ಹೆಚ್ಚು ಹೇಳಬೇಕಾಗಿಲ್ಲ. ಹಸಿ ಎರೆಯಲ್ಲಿ ಹೂತುಹೋಗುತ್ತದೆ, ಉಳಿದದ್ದರ ನಡುವೆ ಜೇಕು ಹುಲ್ಲು ತಲೆ ಎತ್ತುತ್ತದೆ, ಚಪ್ಪಲಿ ಬಿಟ್ಟು ಬರುವ ಅಜ್ಜಿಯಂದಿರು ಆ ಕಡೆ ಹೆಜ್ಜೆಯನ್ನೇ ಇಡುವುದಿಲ್ಲ.

ಅಡಿಕೆ ಸಿಪ್ಪೆ ಚನ್ನಗಿರಿ ಕಡೆಯಿಂದ ಬಂತು; ಸಾಗಣೆಯ ಖರ್ಚು ಬಿಟ್ಟರೆ ಹೊರೆಯಿಲ್ಲ. ಕಾಲಿಗೆ ಮೆತ್ತಗೆ, ಕಳೆಯೂ ಕಡಿಮೆ. ಮಳೆಯಲ್ಲಿ ಮಾತ್ರ ನೀರು ಹಿಡಿದುಕೊಂಡು ಪಚಪಚ ಎನ್ನುತ್ತದೆ, ಒಣಗಿದಾಗ ಗೆದ್ದಲು ಹತ್ತುತ್ತದೆ. ಮಡಿಗಳ ನಡುವಿನ ಕಿರುದಾರಿಗೆ ಅದನ್ನೇ ಉಳಿಸಿಕೊಂಡಿದ್ದೇವೆ. ಕೊಳೆತ ಮೇಲೆ ಗೊಬ್ಬರದ ಗುಂಡಿಗೆ ಹೋಗುತ್ತದೆ.

ಇನ್ನು ಚಪ್ಪಡಿ. ಕೇವಲ ಕಲ್ಲು ತಂದು ಮಣ್ಣಿನ ಮೇಲೆ ಇಟ್ಟರೆ ಅದೂ ಓಲಾಡುತ್ತದೆ, ಹಾಸು ಮುಖ್ಯ. ನಾವು 9 ಇಂಚು ಎರೆ ಅಗೆದು ಹೊರಹಾಕಿ, 6 ಇಂಚು ಗರಸನ್ನು (ಕಲ್ಲುಚೂರು ಬೆರೆತ ಗಟ್ಟಿ ಮಣ್ಣು) ಎರಡು ಪದರವಾಗಿ ತುಂಬಿ, ನೀರು ಚಿಮುಕಿಸಿ ದಿಮ್ಮಸಿನಿಂದ ಬಡಿದೆವು. ಮೇಲೆ 2 ಇಂಚು ಕ್ರಷರ್ ಪುಡಿ, ಅಂದರೆ ಜಲ್ಲಿ ಒಡೆಯುವಾಗ ಉದುರುವ ಕಲ್ಲುಪುಡಿ, ಅದರ ಮೇಲೆ 2 ಇಂಚು ದಪ್ಪದ ಗ್ರಾನೈಟ್ ಕಲ್ಲು. ಹೀಗೆ ದಾರಿ ನೆಲಕ್ಕಿಂತ ಒಂದಿಂಚು ಎತ್ತರಕ್ಕೆ ನಿಲ್ಲುತ್ತದೆ. ಅಗಲದಲ್ಲಿ ಅಡಿಗೆ ಕಾಲು ಇಂಚಿನಂತೆ ಇಳಿಜಾರು ಕೊಟ್ಟು, ರಸಮಟ್ಟ (ಗಾಳಿಗುಳ್ಳೆಯಿಂದ ಮಟ್ಟ ತೋರಿಸುವ ಸಾಧನ) ಇಟ್ಟು ನೋಡಿಕೊಂಡೆವು. ಸಂದಿಗೆ ಸಿಮೆಂಟ್ ತುಂಬಲಿಲ್ಲ, ಕ್ರಷರ್ ಪುಡಿಯನ್ನೇ ಗುಡಿಸಿದೆವು.

2 ಅಡಿಗೆ ಒಂದೂವರೆ ಅಡಿಯ ಕಲ್ಲು 35ರಿಂದ 40 ಕಿಲೋ ತೂಗುತ್ತದೆ. ಎರಡು ಕಲ್ಲು ಪಕ್ಕಪಕ್ಕ ಇಟ್ಟರೆ 3 ಅಡಿ ದಾರಿ, ಒಂದು ಗಾಡಿಗೆ ಸಾಕು. ಯಾವುದಾದರೂ ಕಲ್ಲು ಕುಸಿದರೆ ಹಾರೆಯ ಮೊನೆ ಕೊಟ್ಟು ಎಬ್ಬಿಸಿ, ಒಂದು ಬುಟ್ಟಿ ಪುಡಿ ಸುರಿದು ಕೂರಿಸಿದರೆ ಮುಗಿಯಿತು. ಇಬ್ಬರಿದ್ದರೆ ಆಗುವ ಕೆಲಸ, ಪಕ್ಕದ ಕಲ್ಲಿಗೆ ಸುದ್ದಿಯೇ ಇರುವುದಿಲ್ಲ. ನಾನು ಇದನ್ನು ಮೆಚ್ಚಿದ್ದೇ ಈ ಕಾರಣಕ್ಕೆ.

ಶಹಾಬಾದ್ ಕಲ್ಲು ಅಗ್ಗವಾಗಿ ಸಿಗುತ್ತಿತ್ತು. ಆದರೆ ತೆಳು ಹಲಗೆಯ ಅಡಿ ಪೊಳ್ಳಾದರೆ ಬಿರುಕು ಬಿಡುತ್ತದೆ, ಪಾಚಿ ಕಟ್ಟಿದರೆ ಜಾರುತ್ತದೆ; ಬೇಡವೆಂದೆ.

ಚಪ್ಪಡಿಗೆ ಚದರಡಿಯ ಲೆಕ್ಕದಲ್ಲಿ ಇಂಟರ್‌ಲಾಕ್‌ಗಿಂತ ನಮಗೆ ಹೆಚ್ಚೇ ಬಿತ್ತು. ಹಾಗಾಗಿ ಗೇಟಿನಿಂದ ನೀರಿನ ತೊಟ್ಟಿಯವರೆಗಿನ ಮುಖ್ಯ ದಾರಿಗಷ್ಟೇ ಹಾಕಿದೆವು. ಬೆಳಗ್ಗೆ ಬಿಂದಿಗೆ, ಬುಟ್ಟಿ, ಗಾಡಿ ಓಡಾಡುವುದು ಅಲ್ಲಿಯೇ. ತೋಟದ ಕೆಲಸವನ್ನು ಕೂಲಿಗೆ ಬಿಡದೆ ನಾವೇ ಮಾಡಿಕೊಳ್ಳುವವರು, ರಿಪೇರಿಗೆ ಮತ್ತೆ ಮತ್ತೆ ವಂತಿಗೆ ಎತ್ತಲಾರೆವು. ನಿಮ್ಮ ತೋಟವೂ ಹೀಗೆಯೇ ನಡೆಯುವುದಾದರೆ ಕಲ್ಲಿಗೇ ಹಣ ಹಾಕಿ. ಹಾಸುವ ಮೊದಲು ಗರಸಿನ ಅಡಿಯಲ್ಲಿ ಎರಡು ಕಡೆ ಅಡ್ಡಲಾಗಿ ಖಾಲಿ ಪಿವಿಸಿ ಪೈಪು ಹೂತಿಡಿ. ನಾಳೆ ಹನಿ ನೀರಾವರಿಯ ಕೊಳವೆ ದಾಟಿಸಲು ಒಂದೂ ಚಪ್ಪಡಿ ಎಬ್ಬಿಸಬೇಕಾಗುವುದಿಲ್ಲ.