ವಿಡಿಯೊ ಪೋಕರ್ ಕಲಿಸುವ ಆ್ಯಪ್: 5ಕ್ಕೆ 3 ಸ್ಟಾರ್

ಮಂಗಳೂರು–ಉಡುಪಿ ಬಸ್ಸಲ್ಲಿ ಟೈಂಪಾಸಿಗೆ ಅಂತ ಹಾಕಿಕೊಂಡ ಆ್ಯಪ್ ಇದು. ನಿಜವಾದ ದುಡ್ಡಿಲ್ಲ, ಬರೀ ಸುಳ್ಳು ನಾಣ್ಯ. ಆಟ ಜಾಕ್ಸ್ ಆರ್ ಬೆಟರ್: ಐದು ಇಸ್ಪೀಟ್ ಎಲೆ ಬರುತ್ತವೆ, ಬೇಕಾದ್ದು ಇಟ್ಟುಕೊಂಡು ಉಳಿದದ್ದು ಒಮ್ಮೆ ಬದಲಿಸಬಹುದು. ಗುಲಾಮನ ಅಥವಾ ಅದಕ್ಕಿಂತ ದೊಡ್ಡ ಜೋಡಿ ಬಂದರೆ ಹಾಕಿದ್ದು ವಾಪಸ್.

ಎಲೆ ಬೀಳುವ ಸದ್ದು ಸೂಪರ್. ಆದರೆ ಎಷ್ಟು ಆಡಿದರೂ ನಾಣ್ಯ ಕರಗುತ್ತಲೇ ಇತ್ತು. ಮೂಲ್ಕಿಯಲ್ಲಿ ಬಸ್ಸು ನಿಂತಾಗ ಸುಮ್ನೆ ಪೇಟೇಬಲ್ (ಯಾವ ಕೈಗೆ, ಅಂದರೆ ಯಾವ ಐದೆಲೆಗೆ, ಎಷ್ಟು ನಾಣ್ಯ ಅನ್ನುವ ಪಟ್ಟಿ) ಒತ್ತಿ ನೋಡಿದೆ, ಹಾಕಿದ ಒಂದು ನಾಣ್ಯಕ್ಕೆ ಫುಲ್ ಹೌಸ್‌ಗೆ (ಒಂದೇ ಅಂಕಿಯ ಮೂರು ಎಲೆ, ಜತೆಗೊಂದು ಜೋಡಿ) 8, ಫ್ಲಶ್‌ಗೆ (ಐದೂ ಒಂದೇ ಜಾತಿಯ ಎಲೆ) 5! ಒಳ್ಳೆಯ ಟೇಬಲ್‌ನಲ್ಲಿ ಇದು 9 ಮತ್ತು 6 ಇರುತ್ತದೆ. ಒಂದೊಂದು ನಾಣ್ಯ ತಾನೇ, ಅಲ್ವಾ? ಆದರೆ ಈ ಎರಡೂ ಕೈಗಳು ಒಂದೊಂದೂ ಸುಮಾರು 90 ಆಟಕ್ಕೊಮ್ಮೆ ಬರುತ್ತವೆ, ಹಾಗಾಗಿ ಒಂದೂ ತಪ್ಪಿಲ್ಲದೆ ಆಡಿದರೂ ದೀರ್ಘಕಾಲದಲ್ಲಿ ಕೈಗೆ ಬರುವುದು 99.54% ಬದಲು 97.30% ಅಷ್ಟೇ. ನೂರು ರೂಪಾಯಿ ಹಾಕಿದರೆ 46 ಪೈಸೆ ಹೋಗುವಲ್ಲಿ 2 ರೂಪಾಯಿ 70 ಪೈಸೆ ಹೋದ ಹಾಗೆ.

ಅದೂ 5 ನಾಣ್ಯ ಹಾಕಿದರೆ ಮಾತ್ರ. ರಾಯಲ್ ಫ್ಲಶ್‌ಗೆ (ಒಂದೇ ಜಾತಿಯ 10, ಗುಲಾಮ, ರಾಣಿ, ರಾಜ, ಎಕ್ಕ) ಆಗ 4000, ಒಂದೇ ನಾಣ್ಯಕ್ಕೆ ಬರೀ 250. ಬರುವುದೇ ಸುಮಾರು 40,000 ಕೈಗೊಮ್ಮೆ, ಅದಿರಲಿ. ಈ ಆ್ಯಪ್ ಮಾತ್ರ ಪ್ರತಿ ಸಲ ತೆರೆದಾಗಲೂ 1 ನಾಣ್ಯಕ್ಕೇ ಹೋಗಿ ಕೂರುತ್ತದೆ. ತಪ್ಪು ಎಲೆ ಬಿಟ್ಟರೆ ಕೂಡಲೇ ತೋರಿಸುತ್ತದೆ, ಆ 3 ಸ್ಟಾರ್ ಅದಕ್ಕೇ.